ಯಾವ ಜೇಮ್ಸ್?

ಕ್ರೇಗ್‌ಹೈತ್ ಎಂಬ ಮೀನುಗಾರರ ಊರಿನಲ್ಲಿ ಗಂಡಸಿಗೆ ಎರಡು ಹೆಸರು. ಒಂದು ಚರ್ಚಿನಲ್ಲಿ ತಲೆಗೆ ನೀರು ಹಾಕಿ ಇಟ್ಟದ್ದು, ಇನ್ನೊಂದು ಬೀದಿ ಕೊಟ್ಟದ್ದು. ಊರಿನಲ್ಲಿ ಮುಕ್ಕಾಲು ಪಾಲು ಜನ ಸ್ಲೇಟರ್ ಮನೆತನದವರು. ಹುಟ್ಟಿದ ಗಂಡುಮಗುವಿಗೆ ಅಜ್ಜನ ಹೆಸರನ್ನೇ ಇಡುವುದು ರೂಢಿ. ಹೀಗಾಗಿ ಯಾವ ಕಾಲದಲ್ಲಿ ನೋಡಿದರೂ ಜೇಮ್ಸ್ ಸ್ಲೇಟರ್ ಎಂಬುವರು ಆ ಒಂದೇ ಬೀದಿಯಲ್ಲಿ ಒಂದು ದೋಣಿ ತುಂಬುವಷ್ಟು ಸಿಗುತ್ತಿದ್ದರು. ಅವರನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದದ್ದು ಅಡ್ಡಹೆಸರು. ಗಂಜಿ, ಕೊಕ್ಕರೆ, ರಾಜ, ಮೂಗ, ಬೆಣ್ಣೆ. ಅದರಲ್ಲಿ ಗೇಲಿಯೇನೂ ಇರಲಿಲ್ಲ. ಅಪ್ಪನಿಂದ ಮಗನಿಗೆ ಬಲೆ ಬಂದಂತೆ ಅಡ್ಡಹೆಸರೂ ಬರುತ್ತಿತ್ತು. ಬಂದರಿನ ಕಚೇರಿಯಲ್ಲಿ ಅದನ್ನು ಬರೆಸುತ್ತಿದ್ದರು. ಸತ್ತಮೇಲೆ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಪಾದ್ರಿಗಳು ಪ್ರಾರ್ಥನೆಯಲ್ಲಿ ಕಾಯಿಲೆ ಬಿದ್ದವರ ಹೆಸರು ಹೇಳುವಾಗಲೂ, "ಪ್ರಭುವೇ, ನಿನ್ನ ಸೇವಕ ಜೇಮ್ಸ್ ಸ್ಲೇಟರ್, ಬೆಣ್ಣೆ, ಅವನನ್ನು ನೆನೆ" ಎನ್ನುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

ಗಿಬ್ಬಿ ಸ್ಲೇಟರ್ ಹುಟ್ಟಿದ್ದು ಆ ಬೀದಿಯಲ್ಲಿಯೇ. ಆದರೆ ದೋಣಿ ಬಂದರಿನ ಗೋಡೆಯನ್ನು ದಾಟುವ ಮೊದಲೇ ಅವನಿಗೆ ವಾಂತಿಯಾಗುತ್ತಿತ್ತು. ಅಪ್ಪ ಎರಡು ವರ್ಷ ನೋಡಿ, "ಇವನು ನೆಲದ ಪ್ರಾಣಿ" ಎಂದು ಕೈಬಿಟ್ಟ. ಗಿಬ್ಬಿಗೆ ಇದ್ದದ್ದು ನಾಲಿಗೆ. ಯಾರ ಧ್ವನಿಯನ್ನು ಒಮ್ಮೆ ಕೇಳಿದರೂ ಅದನ್ನು ಹಾಗೇ ಬಾಯಲ್ಲಿ ತರುತ್ತಿದ್ದ. ಮೀನು ಸೀಳುವ ಹೆಂಗಸರ ನಡುವೆ ನಿಂತು ಅವರವರ ಗಂಡಂದಿರಂತೆ ಮಾತಾಡಿದರೆ ಅವರು ಚಾಕು ಕೆಳಗಿಟ್ಟು ನಗುತ್ತಿದ್ದರು. ಯುದ್ಧದ ಕಾಲದಲ್ಲಿ ಸೈನಿಕರನ್ನು ನಗಿಸಿದ. ಯುದ್ಧ ಮುಗಿದ ಮೇಲೆ ಅಬರ್ಡೀನಿನ ನಾಟಕಶಾಲೆಯಲ್ಲಿ ನಿಂತ. ಗ್ಲಾಸ್ಗೊದ ರಂಗದ ಮೇಲೆ ಮೊದಲ ಸಲ ಹೋದಾಗ ಜನ ಅವನ ಮೇಲೆ ಸೇಬಿನ ದಿಂಡು ಎಸೆದರು; ಮರುವರ್ಷ ಅದೇ ಜನ ಅವನನ್ನು ರಂಗದಿಂದ ಇಳಿಯಲು ಬಿಡಲಿಲ್ಲ. ಅಲ್ಲಿಂದ ಬಾನುಲಿಗೆ ಬಂದ. ಶನಿವಾರ ಸಂಜೆಯ ಅವನ ಕಾರ್ಯಕ್ರಮಕ್ಕಾಗಿ ಹೋಟೆಲುಗಳಲ್ಲಿ ಮಾತು ನಿಲ್ಲುತ್ತಿತ್ತು ಎಂದು ಪತ್ರಿಕೆಗಳು ಬರೆದವು.

ಅವನನ್ನು ಅಷ್ಟು ದೊಡ್ಡವನನ್ನಾಗಿ ಮಾಡಿದ್ದು ಒಂದು ಅಣಕು. ಪಟ್ಟಣದ ಅಂಚೆಯವನು ಮೀನುಗಾರರ ಊರಿಗೆ ಕಾಗದ ತರುತ್ತಾನೆ. "ಜೇಮ್ಸ್ ಸ್ಲೇಟರ್ ಮನೆ ಯಾವುದಮ್ಮ?" ಎಂದು ಕೇಳುತ್ತಾನೆ. ಮುದುಕಿ, "ಯಾವ ಜೇಮ್ಸ್?" ಎನ್ನುತ್ತಾಳೆ. ಅಂಚೆಯವನು ಮನೆಮನೆ ಅಲೆಯುತ್ತಾನೆ. ಎಲ್ಲ ಬಾಗಿಲಲ್ಲೂ ಅದೇ ಪ್ರಶ್ನೆ. ಕೊನೆಗೆ ಅವನಿಗೆ ಹುಚ್ಚು ಹಿಡಿಯುವ ಹೊತ್ತಿಗೆ ಒಳಗಿನಿಂದ ಒಂದು ಗಂಭೀರವಾದ, ಭಾರವಾದ, ಚರ್ಚಿನಲ್ಲಿ ಕೇಳುವಂಥ ಧ್ವನಿ ಬರುತ್ತದೆ: "ಗಂಜಿ."

ಅಷ್ಟೇ. ಜನ ಬಿದ್ದು ಬಿದ್ದು ನಗುತ್ತಿದ್ದರು. ಕೆಲವೇ ವರ್ಷಗಳಲ್ಲಿ ಇಡೀ ಸಭಾಂಗಣ ಅವನ ಜೊತೆ "ಯಾವ ಜೇಮ್ಸ್?" ಎಂದು ಕೂಗಿ, ಉತ್ತರಕ್ಕಾಗಿ ಉಸಿರು ಬಿಗಿಹಿಡಿದು ಕಾಯುವಂತಾಯಿತು. ಟ್ರಾಮಿನಲ್ಲಿ, ಶಾಲೆಯ ಅಂಗಳದಲ್ಲಿ, ಚುನಾವಣೆಯ ಸಭೆಯಲ್ಲಿ ಕೂಡ ಜನ ಒಬ್ಬರನ್ನೊಬ್ಬರು ಗಂಜಿ ಎಂದು ಕರೆದು ನಗುತ್ತಿದ್ದರು.

ಆ ಧ್ವನಿ ಕಲ್ಪನೆಯದಾಗಿರಲಿಲ್ಲ. ಗಂಜಿ ಎಂಬುವನು ಬದುಕಿದ್ದ. ಗಿಬ್ಬಿಯ ಅಕ್ಕ ಎಲ್ಸ್ಪೆಟ್‌ಳ ಗಂಡ ಅವನು. ಗಿಡ್ಡ, ಗಟ್ಟಿಮುಟ್ಟು ಆಳು, ಕಡಿಮೆ ಮಾತು, ಚರ್ಚಿನಲ್ಲಿ ಕೀರ್ತನೆಗೆ ಮೊದಲ ಸ್ವರ ಹಿಡಿಯುತ್ತಿದ್ದವನು. ತಾಯಿ ಸತ್ತಮೇಲೆ ಗಿಬ್ಬಿಯನ್ನು ಸಾಕಿದ್ದು ಈ ಅಕ್ಕ. ಅವನಿಗೆ ಮೊದಲ ಒಳ್ಳೆಯ ಬೂಟು ಕೊಡಿಸಿದ್ದು ಈ ಭಾವ.

ಒಂದು ಹೊಸವರ್ಷಕ್ಕೆ ಗಿಬ್ಬಿ ಹೊಸ ಕಾರಿನಲ್ಲಿ ಊರಿಗೆ ಬಂದ. ಅಕ್ಕ ಹೊಗೆಮೀನಿನ ಸಾರು ಬಡಿಸಿದಳು. ಭಾವ ಊಟ ಮುಗಿಸಿದ. ಆಮೇಲೆ ಬಾಯಿ ಒರೆಸಿಕೊಂಡು ಹೇಳಿದ:

"ಯಾರ್ಮೌತ್‌ಗೆ ಹೋಗಿದ್ವಿ ಕಣೋ. ಹೆರಿಂಗ್ ಹರಾಜಿಗೆ ಇಟ್ಟಿದ್ವಿ. ಒಳ್ಳೇ ಮೀನು. ಕೊಳ್ಳೋರು ಬಂದ್ರು. ಒಬ್ಬ ನನ್ನ ನೋಡಿ, 'ಗಂಜಿ ಬಂದ ನೋಡ್ರೋ, ಚಮಚ ತನ್ನಿ' ಅಂದ. ದಂಡೆ ಮೇಲಿದ್ದೋರೆಲ್ಲ ನಕ್ರು. ಮಾರನೇ ದಿನ ನಮ್ಮ ದೋಣಿ ಮೇಲೆ ಯಾರೋ ಗಂಜಿ ಕಾಯಿಸೋ ಓಟ್ಸ್ ಹಿಟ್ಟು ಸುರಿದಿದ್ರು."

"ಅಯ್ಯೋ ಭಾವ, ಅದು ಪ್ರೀತಿ ಕಣಯ್ಯಾ," ಎಂದ ಗಿಬ್ಬಿ. "ಇಡೀ ದೇಶಕ್ಕೆ ನಿನ್ನ ಹೆಸರು ಗೊತ್ತು. ನನ್ನ ಹೆಸರಿಗಿಂತ ನಿನ್ನದೇ ದೊಡ್ಡದು!"

"ನಮ್ಮಪ್ಪ ಈ ಹೆಸರಿಟ್ಕೊಂಡು ಮುಳುಗಿ ಸತ್ತ. ಅವನ ಕಲ್ಲಿನ ಮುಂದೆ ಹೋದ ಬೇಸಿಗೆ ಪ್ಯಾಟೆ ಹುಡುಗ್ರು ನಿಂತ್ಕೊಂಡು ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಫೋಟೋ ಬೇರೆ ತಗೊಂಡ್ರು."

"ನಾನೇನ್ ಮಾಡ್ಲಿ ಭಾವ ಅದಕ್ಕೆ?"

"ನೀನೇನೂ ಮಾಡ್ಬೇಡ. ನಾನು ಮಾಡಿದೀನಿ. ಬಂದರಿನ ಕಚೇರಿಗೆ ಹೋಗಿ ಆ ಹೆಸರು ಹೊಡೆದುಹಾಕ್ಸಿ ಬಂದೆ. ಇನ್ನು ನಾನು ಬರೀ ಜೇಮ್ಸ್ ಸ್ಲೇಟರ್. ಯಾರು ಗಂಜಿ ಅಂದ್ರೂ ಓಗೊಡಲ್ಲ. ಇವಳಿಗೂ ಹೇಳಿದೀನಿ."

ಎಲ್ಸ್ಪೆಟ್ ತಟ್ಟೆಗಳನ್ನು ಎತ್ತುತ್ತ ತಮ್ಮನ ಕಡೆ ನೋಡಲಿಲ್ಲ. ಗಿಬ್ಬಿ ಹೊರಡುವಾಗ ಬಾಗಿಲ ತನಕ ಬಂದು, "ಆ ಆಟ ಬಿಡು ಗಿಬ್ಬಿ. ನಿನಗೆ ಬೇರೆ ಬರಲ್ವೇನೋ?" ಎಂದಳು. ಬಿಡುತ್ತೇನೆ ಎಂದ. ಬಿಡಲು ನೋಡಿದ ಕೂಡ. ಆದರೆ ಜನ ಬಿಡಲಿಲ್ಲ, ಅವನು ಬೇರೆ ಏನು ಹೇಳಹೊರಟರೂ ಹಿಂದಿನ ಸಾಲುಗಳಿಂದ "ಯಾವ ಜೇಮ್ಸ್?" ಎಂಬ ಕೂಗು ಬರುತ್ತಿತ್ತು. ಆಮೇಲೆ ಅಕ್ಕ ಮನೆಗೆ ಬಾ ಎಂದು ಕರೆಯಲಿಲ್ಲ. ಅವನು ಕಳಿಸಿದ ಉಡುಗೊರೆಗಳನ್ನು ತೆರೆಯದೆ ಹಿಂದಕ್ಕೆ ಕಳಿಸಿದಳು. ಗಿಬ್ಬಿಗೆ ಹೆಂಡತಿಯಿರಲಿಲ್ಲ, ಮಕ್ಕಳಿರಲಿಲ್ಲ. ಅವನ ಪಾಲಿಗೆ ಮನೆ ಎಂದರೆ ಆ ಅಡಿಗೆಮನೆಯ ಬೆಂಚು. ಅದಿಲ್ಲದೆ ಅವನು ಮೂರು ಚಳಿಗಾಲ ಕಳೆದ.

ಅದಾದ ಮೇಲಿನ ನವೆಂಬರಿನ ಒಂದು ಶನಿವಾರ ಬೆಳಗಿನಿಂದಲೂ ಗಾಳಿ ಉತ್ತರಕ್ಕೆ ತಿರುಗಿತ್ತು. ಅಬರ್ಡೀನಿನ ಬೀದಿಗಳಲ್ಲಿ ಚಾವಣಿಯ ಕಲ್ಲುಹಲಗೆಗಳು ಬಿದ್ದವು. ಭಾನುವಾರದ ಆರಾಧನೆಗೆ ಮನೆ ಸೇರಲೆಂದು ದೋಣಿಗಳು ಶನಿವಾರವೇ ಹಿಂದಿರುಗುವ ಪದ್ಧತಿ. ಕ್ರೇಗ್‌ಹೈತಿನ ದೋಣಿಗಳಲ್ಲಿ ಎಲ್ಲವೂ ಬಂದವು, ಬೆಥನಿ ಒಂದು ಬರಲಿಲ್ಲ. ಬೆಥನಿ ಎಂದರೆ ಭಾವನ ದೋಣಿ.

ಗಿಬ್ಬಿಗೆ ಇದು ತಿಳಿದದ್ದು ಬಾನುಲಿ ಕೇಂದ್ರದಲ್ಲಿ, ಸಂಜೆಯ ಕಾರ್ಯಕ್ರಮಕ್ಕೆ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ. ಗೋಡೆಯ ಮೇಲಿನ ಧ್ವನಿಪೆಟ್ಟಿಗೆಯಲ್ಲಿ ವಾರ್ತೆ ಬರುತ್ತಿತ್ತು. "ಮೀನುಗಾರಿಕೆಯ ದೋಣಿ ಬೆಥನಿ ಮುಳುಗಿದೆ. ಡೆನ್ಮಾರ್ಕಿನ ಹಡಗೊಂದು ಒಬ್ಬನನ್ನು ಜೀವಂತವಾಗಿ ಎತ್ತಿಕೊಂಡಿದೆ. ಅವನ ಹೆಸರು ಜೇಮ್ಸ್ ಸ್ಲೇಟರ್. ಉಳಿದವರ ಸುಳಿವಿಲ್ಲ."

ಅವನ ಕೈಯಲ್ಲಿದ್ದ ಟವೆಲು ತೊಟ್ಟಿಗೆ ಬಿತ್ತು. ಬೆಥನಿಯಲ್ಲಿ ಇಬ್ಬರು ಜೇಮ್ಸ್ ಸ್ಲೇಟರ್ ಇದ್ದರು. ಒಬ್ಬ ಭಾವ. ಇನ್ನೊಬ್ಬ ಎದುರುಮನೆಯ ವಿಧವೆ ಬೆತಿಯಾಳ ಒಬ್ಬನೇ ಮಗ, ಇಪ್ಪತ್ತು ದಾಟದ ಉದ್ದನೆಯ ಹುಡುಗ, ಕೊಕ್ಕರೆ.

ಗಿಬ್ಬಿ ಓಡಿಹೋಗಿ ಟೆಲಿಫೋನ್ ಹಿಡಿದ. ಹಡಗುಗಳೊಡನೆ ಮಾತಾಡುವ ಕರಾವಳಿ ನಿಲ್ದಾಣದಲ್ಲಿ ಅವನಿಗೆ ಪರಿಚಯದವನೊಬ್ಬನಿದ್ದ.

"ಯಾವ ಜೇ—" ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡ. "ಆ ಸ್ಲೇಟರ್, ಬದುಕಿದೋನು, ವಯಸ್ಸೆಷ್ಟಂತೆ?"

"ಅದೆಲ್ಲ ಗೊತ್ತಾಗ್ಲಿಲ್ಲ ಗಿಬ್ಬಿ. ಡೆನ್ಮಾರ್ಕಿನ ಕ್ಯಾಪ್ಟನ್ ಹೆಸರು ಹೇಳ್ದ, ಅಷ್ಟರಲ್ಲಿ ಅವರ ರೇಡಿಯೋ ಕಂಬ ಮುರಿದುಬಿತ್ತು ಅಂತ ಕಾಣುತ್ತೆ. ಈಗ ಕರೆದ್ರೆ ಉತ್ತರ ಇಲ್ಲ. ಗಾಳಿ ಇಳಿದ್ಮೇಲೆ ಪೀಟರ್‌ಹೆಡ್‌ಗೆ ಬರ್ತಾರೆ."

"ಹೆಸರು ಹೆಂಗೆ ಹೇಳ್ದ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಪ್ಪ."

"ಜೇಮ್ಸ್ ಸ್ಲೇಟರ್ ಅಂದ. ನಿಮ್ಮ ಊರಿನ ಕಥೆ ಗೊತ್ತಲ್ಲ, ಅದಕ್ಕೇ ನಾನು ಬೇರೆ ಹೆಸರೇನಾದ್ರೂ ಇದೆಯಾ ಕೇಳು ಅಂದೆ. ಕ್ಯಾಪ್ಟನ್ ಕೇಳಿ ಬಂದ. ಇಲ್ಲ, ತಲೆ ಅಲ್ಲಾಡಿಸ್ತಾನೆ, ಬರೀ ಜೇಮ್ಸ್ ಸ್ಲೇಟರ್ ಅಂತಾನೆ ಅಂದ."

ಗಿಬ್ಬಿಯ ಮೈಯೆಲ್ಲ ಬಿಸಿಯಾಯಿತು. ಬರೀ ಜೇಮ್ಸ್ ಸ್ಲೇಟರ್! ಆ ಮಾತನ್ನು ಅವನು ತನ್ನ ಕಿವಿಯಿಂದಲೇ ಕೇಳಿದ್ದ, ಅದೇ ಅಡಿಗೆಮನೆಯ ಬೆಂಚಿನ ಮೇಲೆ ಕೂತು. ಇಡೀ ಊರಿನಲ್ಲಿ ಅಡ್ಡಹೆಸರನ್ನು ಬಿಟ್ಟವನು ಒಬ್ಬನೇ. ಸಾವಿನ ಬಾಯಿಂದ ಎಳೆದುಹಾಕಿದ ಮೇಲೂ ತನ್ನ ಹಟ ಬಿಡದವನು ಇನ್ಯಾರಿರುತ್ತಾನೆ?

"ಭಾವ ಬದುಕಿದಾನೆ," ಎಂದು ಅವನು ಕಾರ್ಯಕ್ರಮದ ನಿರ್ವಾಹಕ ಪ್ರಿಂಗಲ್‌ಗೆ ಹೇಳಿದ. "ನಾನು ಈಗ್ಲೇ ಹೇಳ್ಬೇಕು. ಅಕ್ಕ ಕೇಳ್ತಿರ್ತಾಳೆ."

ಪ್ರಿಂಗಲ್ ಮೆತ್ತಗೆ ಮಾತಾಡುವ ಮನುಷ್ಯ. "ನಿಮ್ಮ ಅಕ್ಕ ನಿಮ್ಮ ಕಾರ್ಯಕ್ರಮ ಕೇಳಲ್ಲ ಅಂತ ನೀವೇ ಹೇಳಿದ್ರಿ."

"ಇವತ್ತು ಕೇಳ್ತಾಳೆ. ಗಂಡಂದಿರು ಕಡಲಿಗೆ ಹೋದಾಗ ನಮ್ಮ ಊರ ಹೆಂಗಸರು ರೇಡಿಯೋ ಮುಂದೆ ಕೂತ್ಕೊಂಡು ದೋಣಿಯೋರು ಒಬ್ಬರಿಗೊಬ್ಬರು ಮಾತಾಡೋದು ಕೇಳ್ತಾರೆ. ಇವತ್ತು ಆ ಮಾತು ನಿಂತಿದೆ. ಎಲ್ಲಿ ಏನು ಬರುತ್ತೋ ಅಂತ ಮುಳ್ಳು ತಿರುಗಿಸ್ತಾ ಇರ್ತಾರೆ."

"ಬೆಳಗಾಗ್ಲಿ ಗಿಬ್ಬಿ. ಹಡಗು ಬರ್ಲಿ. ನಿಮ್ಮ ಊಹೆ ಅದು."

"ಊಹೆ ಅಲ್ರೀ. ನಮ್ಮೋರು ಹೆಂಗೆ ಅಂತ ನಿಮಗೇನ್ರೀ ಗೊತ್ತು?"

ಅಕ್ಕನಿಗೆ ಗಂಡನನ್ನು ತಾನೇ ತಿರುಗಿ ಕೊಡಬೇಕೆಂಬ ಆಸೆ ಅವನನ್ನು ಆಗ ಹಿಡಿದುಬಿಟ್ಟಿತ್ತು. ಒಂದು ಮಾತು ಹೇಳಿದರೆ ಸಾಕು, ಆ ಬಾಗಿಲು ಮತ್ತೆ ತೆರೆಯುತ್ತದೆ. ಎದುರುಮನೆಯಲ್ಲಿ ಬೆತಿಯಾ ಕೂಡ ಮುಳ್ಳು ತಿರುಗಿಸುತ್ತಿರಬಹುದೆಂಬುದು ಅವನ ಮನಸ್ಸಿಗೆ ಬಾರದೆ ಇರಲಿಲ್ಲ. ಬಂತು, ಮತ್ತು ಹೋಯಿತು.

ಪ್ರಸಾರ ಶುರುವಾಯಿತೆಂದು ದೀಪ ಕೆಂಪಾಯಿತು. ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ಗಾಳಿಮಳೆಗೆ ನೆನೆದ ಕೋಟುಗಳ ವಾಸನೆ ತುಂಬಿತ್ತು. ಗಿಬ್ಬಿ ಮೈಕಿನ ಮುಂದೆ ನಿಂತು ಕೈಯೆತ್ತಿದ. ಜನ ಆಗಲೇ ಮುಗುಳ್ನಗುತ್ತಿದ್ದರು.

"ನಮ್ಮೂರಿನ ಮನೆಗಳಿಗೆ ಒಂದು ಮಾತು ಹೇಳ್ಬೇಕು," ಎಂದ. "ಬೆಥನಿ ದೋಣಿಯಿಂದ ಒಬ್ಬರು ಬದುಕಿದಾರೆ. ವಾರ್ತೆಯಲ್ಲಿ ಜೇಮ್ಸ್ ಸ್ಲೇಟರ್ ಅಂದ್ರು. ಯಾವ ಜೇಮ್ಸ್ ಅಂತ—"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"—ಯಾವ ಜೇಮ್ಸ್ ಅಂತ ಅವರು ಹೇಳ್ಲಿಲ್ಲ. ನಾನು ಹೇಳ್ತೀನಿ. ಗಂಜಿ."

ಸಭಾಂಗಣ ಸ್ಫೋಟಿಸಿತು. ಜನ ಕಾಲು ನೆಲಕ್ಕೆ ಬಡಿದರು, ಒಬ್ಬರ ಹೆಗಲ ಮೇಲೊಬ್ಬರು ಬಿದ್ದರು. ದೋಣಿಯ ಸುದ್ದಿ ಅವರಲ್ಲಿ ಹೆಚ್ಚಿನವರು ಕೇಳಿರಲಿಲ್ಲ. ಕೇಳಿದವರೂ ಇದು ಅವನ ಹೊಸ ಆಟವಿರಬೇಕೆಂದುಕೊಂಡರು. ಗಿಬ್ಬಿ ಬೇಡವೆಂದು ತಲೆಯಲ್ಲಾಡಿಸಿದ, ಅದಕ್ಕೂ ನಕ್ಕರು. ಆಗ ಅವನ ಮೈ ಇಷ್ಟು ವರ್ಷ ಕಲಿತದ್ದನ್ನೇ ಮಾಡಿತು. ನಗು ಮೇಲೇರಿ ಇಳಿಯುವವರೆಗೆ, ಅದರ ಮೇಲೆ ಮಾತಾಡದೆ, ಹುಬ್ಬು ಒಂದಿಷ್ಟು ಎತ್ತಿಕೊಂಡು ಕಾದು ನಿಂತ. ನಗು ಇಳಿದ ಮೇಲೆ, "ದೇವರಿಗೆ ಸ್ತೋತ್ರ" ಎಂದ. ಮತ್ತೆ ನಕ್ಕರು.

ಗಾಜಿನ ಆಚೆ ಪ್ರಿಂಗಲ್ ಕೈಯಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದ.

ಮರುದಿನ ಬೆಳಿಗ್ಗೆ ಗಿಬ್ಬಿ ಕಾರು ಹತ್ತಿ ಊರಿಗೆ ಹೊರಟ. ಗಾಳಿ ತಗ್ಗಿತ್ತು, ಆದರೆ ಕಡಲು ಇನ್ನೂ ಬೂದುಬಣ್ಣವಾಗಿ ಹೊರಳುತ್ತಿತ್ತು. ಮೇಲಿನ ರಸ್ತೆಯಿಂದ ಊರಿಗೆ ಇಳಿಯುವ ದಿಬ್ಬದ ತಲೆಯಲ್ಲಿ ಮುದುಕ ಪೀಟರ್ ಸ್ಲೇಟರ್, ಮೂಗ ಎಂಬುವನು, ಗೋಡೆಗೆ ಒರಗಿ ನಿಂತಿದ್ದ. ಹಳೆಯ ಕಾಲದ ದೋಣಿ ನಡೆಸಿದವನು. ಮೂಗ ಎಂಬ ಅಡ್ಡಹೆಸರಿನವನಾದರೂ ಮಾತಿಗೆ ಕಡಿಮೆಯಿರಲಿಲ್ಲ.

"ಬಂದ್ಯಾ?" ಎಂದ.

"ಬಂದೆ ಚಿಕ್ಕಪ್ಪ. ಅಕ್ಕನಿಗೆ ಗೊತ್ತಾಯ್ತಲ್ಲ?"

"ಎಲ್ಲರಿಗೂ ಗೊತ್ತಾಯ್ತು. ನಿನ್ನೆ ಸಂಜೆ ಪಾದ್ರಿಗಳು ಬೀದಿಗಿಳಿದ್ರು. ಅವರು ಸಾವಿನ ಸುದ್ದಿ ತಗೊಂಡು ಹಂಗೆ ಇಳಿದ್ರೆ ಯಾರ ಬಾಗಿಲಿಗೆ ಹೋಗ್ತಾರೆ ಅಂತ ಎಲ್ಲ ಕಿಟಕೀಲೂ ಮುಖ ಇರುತ್ತೆ, ನೀನೇ ನೋಡಿದೀಯಲ್ಲ. ಬೆಥನೀಲಿದ್ದ ಉಳಿದೋರ ಮನೆಗಳಿಗೆ ಹೋದ್ರು. ಕಡೇಗೆ ನಿಮ್ಮಕ್ಕನ ಮನೆಗೂ ಬೆತಿಯಾ ಮನೆಗೂ ನಡುವೆ, ಬೀದಿ ಮಧ್ಯ ನಿಂತ್ಬಿಟ್ರು. ಟೋಪಿ ಕೈಯಲ್ಲಿ ಹಿಡ್ಕೊಂಡು ಆ ಗಾಳೀಲಿ ನಿಂತಿದ್ರಪ್ಪ. ಯಾವ ಕಡೆ ಹೋಗ್ಬೇಕು ಅಂತ ಅವರಿಗೇ ಗೊತ್ತಿಲ್ಲ."

"ಆಮೇಲೆ?"

"ಆಮೇಲೆ ನೀನು ರೇಡಿಯೋದಾಗೆ ಹೇಳ್ದೆ. ಎರಡು ಮನೆ ಕಿಟಕಿಯಿಂದ್ಲೂ ಒಟ್ಟಿಗೇ ಕೇಳಿಸ್ತು. ನಗು ಕೇಳಿಸ್ತು. ಪಾದ್ರಿಗಳು ತಿರುಗಿ ಬೆತಿಯಾ ಬಾಗಿಲಿಗೆ ಹೋದ್ರು." ಮುದುಕ ಕಡಲ ಕಡೆ ನೋಡಿದ. "ಅವಳು ತೆಗೀಲಿಲ್ಲ. ಒಳಗಿಂದಾನೇ, 'ಆ ನಗೋದನ್ನ ನಿಲ್ಸಿ ಸ್ವಾಮಿ' ಅಂದ್ಲು. ಅಷ್ಟೊತ್ತಿಗೆ ನಿಂತಿತ್ತು. ಅವಳಿಗೆ ಇನ್ನೂ ಕೇಳಿಸ್ತಿತ್ತೋ ಏನೋ."

ಗಿಬ್ಬಿ ದಿಬ್ಬ ಇಳಿದ. ಬೆತಿಯಾಳ ಮನೆಯ ಪರದೆಗಳೆಲ್ಲ, ಸಾವಾದ ಮನೆಯ ರೂಢಿಯಂತೆ, ಇಳಿಬಿದ್ದಿದ್ದವು. ಎದುರಿನ ಮನೆಯ ಬಾಗಿಲು ತೆರೆದೇ ಇತ್ತು.

ಎಲ್ಸ್ಪೆಟ್ ಬಾಗಿಲಲ್ಲಿ ನಿಂತಿದ್ದಳು, ಹೊರಡಲು ಸಿದ್ಧವಾಗಿ. ಕೈಯಲ್ಲಿ ಗಂಟು. ಅವಳ ಮುಖ ಒಂದೇ ರಾತ್ರಿಯಲ್ಲಿ ಚಿಕ್ಕದಾದಂತೆ ಕಾಣುತ್ತಿತ್ತು. ಅವಳು ತಮ್ಮನ ಎರಡೂ ಕೆನ್ನೆ ಹಿಡಿದುಕೊಂಡಳು.

"ಖಂಡಿತಾನಾ ಗಿಬ್ಬಿ?"

"ಖಂಡಿತ ಅಕ್ಕ. ಬೇರೆ ಹೆಸರು ಇಲ್ಲ ಅಂದನಂತೆ. ಇನ್ಯಾರು ಹಂಗಂತಾರೆ?"

ಅವಳು ನಕ್ಕಳು, ಅತ್ತಳು. "ಮೊಂಡ. ಸಾಯೋವಾಗ್ಲೂ ಮೊಂಡ. ಬರ್ಲಿ ಮನೆಗೆ, ಗಂಜಿ ಗಂಜಿ ಅಂತ ದಿನಾ ಕರೀತೀನಿ, ಏನ್ ಮಾಡ್ತಾನೋ ನೋಡೋಣ." ಆಮೇಲೆ ಎದುರುಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಬೆಳಿಗ್ಗೆ ಬೆತಿಯಾ ಹತ್ರ ಹೋಗಿದ್ದೆ. ರೊಟ್ಟಿ ತಗೊಂಡು. ಬಾಗಿಲು ತೆಗೀಲಿಲ್ಲ. ನಂಗೆ ಸಂತೋಷ ಪಡೋಕೂ ನಾಚಿಕೆ ಆಗುತ್ತೆ ಕಣೋ. ದೇವರು ಒಬ್ಬಳ ಮಡಿಲಿಂದ ಕಿತ್ತು ಇನ್ನೊಬ್ಬಳ ಮಡಿಲಿಗೆ ಹಾಕಿದ ಹಾಗೆ."

ದಾರಿಯುದ್ದಕ್ಕೂ ಅವಳು ಮಾತಾಡಿದಳು. ಮೂರು ವರ್ಷದ ಮಾತು. ಗಂಟಿನಲ್ಲಿ ಗಂಡನ ಭಾನುವಾರದ ಪ್ಯಾಂಟು, ತಾನೇ ಹೆಣೆದ ನೀಲಿ ಉಣ್ಣೆಯ ಅಂಗಿ, ಬಿಸಿ ಚಹಾದ ಸೀಸೆ ಇದ್ದವು. "ನೀನು ಹೊಸವರ್ಷಕ್ಕೆ ಬರ್ಬೇಕು," ಎಂದಳು. ಆ ಮಾತನ್ನು ಕೇಳಲು ಗಿಬ್ಬಿ ಎಷ್ಟು ದಿನ ಕಾದಿದ್ದನೋ. ಈಗ ಕೇಳಿದಾಗ ಯಾಕೋ ಅವಳ ಕಡೆ ತಿರುಗಿ ನೋಡಲಾಗಲಿಲ್ಲ. ಹೌದು ಎನ್ನುವಂತೆ ತಲೆಯಾಡಿಸಿ ಕಾರನ್ನು ಇನ್ನಷ್ಟು ಜೋರಾಗಿ ಓಡಿಸಿದ.

ಪೀಟರ್‌ಹೆಡ್ ಬಂದರಿನಲ್ಲಿ ಕಾಯುತ್ತಿದ್ದವರು ಹೆಚ್ಚು ಜನವಿರಲಿಲ್ಲ. ಒಬ್ಬ ಪೊಲೀಸಿನವನು, ಒಬ್ಬ ಡಾಕ್ಟರು, ಕೆಲಸವಿಲ್ಲದ ಕೆಲವು ಹಮಾಲರು. ಗಿಬ್ಬಿಯ ಗುರುತು ಹಿಡಿದ ಒಬ್ಬ ಹಮಾಲ ಪಕ್ಕದವನಿಗೆ ಮೊಣಕೈಯಿಂದ ತಿವಿದು ಏನೋ ಪಿಸುಗುಟ್ಟಿದ. ಇಬ್ಬರೂ ನಗುವನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

ಡೆನ್ಮಾರ್ಕಿನ ಹಡಗು ಮಧ್ಯಾಹ್ನಕ್ಕೆ ಒಳಬಂತು. ಅದರ ಒಂದು ಮಗ್ಗುಲು ಜಜ್ಜಿಹೋಗಿತ್ತು. ಹಲಗೆ ಹಾಕಿದರು. ಮೊದಲು ಕ್ಯಾಪ್ಟನ್ ಇಳಿದ. ಅವನ ಹಿಂದೆ ತಲೆಯ ಮೇಲಿಂದ ಕಂಬಳಿ ಹೊದ್ದ ಒಬ್ಬ ಹಲಗೆಯ ಮೇಲೆ ಕಾಲಿಟ್ಟ.

ಕಂಬಳಿಯ ಕೆಳಗೆ ಕಾಣುತ್ತಿದ್ದ ಕಾಲುಗಳು ಉದ್ದವಾಗಿದ್ದವು. ಎಲ್ಸ್ಪೆಟ್ ನೋಡಿದ್ದು ಅಷ್ಟನ್ನೇ. ಮುಖ ಕಾಣುವ ಮೊದಲೇ ಅವಳಿಗೆ ತಿಳಿಯಿತು. ಅವಳು ಕೂಗಲಿಲ್ಲ. ಗಿಬ್ಬಿಯ ತೋಳನ್ನು ಹಿಡಿದಿದ್ದ ಕೈಯನ್ನು ನಿಧಾನವಾಗಿ ತೆಗೆದುಕೊಂಡಳು.

"ಇನ್ನೊಬ್ಬರಿರ್ಬೇಕು," ಎಂದ ಗಿಬ್ಬಿ. ಮುಂದೆ ನುಗ್ಗಿ ಕ್ಯಾಪ್ಟನ್ನನ್ನು ಹಿಡಿದ. "ಇನ್ನೊಬ್ಬರಿದ್ದಾರಲ್ಲ ಒಳಗೆ? ಗಿಡ್ಡಕೆ, ಬಿಳಿ ಮೀಸೆ?"

ಕ್ಯಾಪ್ಟನ್ ಒಂದು ಬೆರಳೆತ್ತಿ ತೋರಿಸಿ ತಲೆ ತಗ್ಗಿಸಿದ.

ಪೊಲೀಸಿನವನು ಹುಡುಗನ ಹತ್ತಿರ ಬಂದ. "ಹೆಸರೇನಪ್ಪ?"

"ಜೇಮ್ಸ್ ಸ್ಲೇಟರ್."

"ಕ್ರೇಗ್‌ಹೈತಿನವರಿಗೆ ಇನ್ನೊಂದು ಹೆಸರಿರುತ್ತಲ್ಲ."

ಹುಡುಗ ತಲೆಯೆತ್ತಿದ. ಅವನ ತುಟಿಗಳು ಉಪ್ಪಿನಿಂದ ಬಿರಿದಿದ್ದವು. ಗಿಬ್ಬಿಯನ್ನು ನೋಡಿದ, ಅವನ ಹಿಂದೆ ನಿಂತಿದ್ದ ಹಮಾಲರನ್ನು ನೋಡಿದ. ಆ ಬೆಳ್ಳಗಾದ ಮುಖಕ್ಕೆ ಕೂಡ ರಕ್ತ ಏರಿತು.

"ಇಲ್ಲ," ಎಂದ.

"ಯಾಕೋ ಇಲ್ಲ ಅಂತೀಯ?" ಎಲ್ಸ್ಪೆಟ್‌ಳ ಧ್ವನಿ ಒಣಗಿತ್ತು. "ನಿಮ್ಮಪ್ಪ ಕೊಕ್ಕರೆ. ನಿಮ್ಮಜ್ಜ ಕೊಕ್ಕರೆ. ನಿಮ್ಮಮ್ಮ ಅಲ್ಲಿ ಪರದೆ ಎಳ್ಕೊಂಡು ಕೂತಿದಾಳೆ. ಹೆಸರು ಹೇಳೋಕೆ ನಿಂಗೇನು ಧಾಡಿ?"

ಹುಡುಗ ಅಳತೊಡಗಿದ. "ಹೊರಗಡೆ ಹೇಳಲ್ಲ ಅತ್ತೆ. ನಾವ್ಯಾರೂ ಹೇಳಲ್ಲ. ಲರ್ವಿಕ್‌ನಾಗೆ, ಯಾರ್ಮೌತ್‌ನಾಗೆ, ಎಲ್ಲಿ ಹೇಳಿದ್ರೂ ಜನ ನಗ್ತಾರೆ. ಹುಡುಗೀರೂ ನಗ್ತಾರೆ. ನಮ್ಮ ವಯಸ್ಸಿನೋರೆಲ್ಲ ಮಾತಾಡ್ಕೊಂಡಿದೀವಿ. ಯಾರು ಕೇಳಿದ್ರೂ ಇಲ್ಲ ಅಂತ ಹೇಳೋದು. ಬಾಯಿಗೆ ಅದೇ ಬಂತು. ನಂಗೆ ಗೊತ್ತಿರ್ಲಿಲ್ಲ ಅತ್ತೆ."

ತಾನು ನೋಯಿಸಿದ್ದು ಭಾವನೊಬ್ಬನನ್ನೇ ಎಂದು ಗಿಬ್ಬಿ ಇಲ್ಲಿಯವರೆಗೆ ತಿಳಿದಿದ್ದ. ಅಡ್ಡಹೆಸರು ಬಿಟ್ಟವನು ಭಾವನೊಬ್ಬನೇ ಎಂದು ನಂಬಿ ನಿನ್ನೆ ಮಾತಾಡಿದ್ದ.

ಎಲ್ಸ್ಪೆಟ್ ಹುಡುಗನ ಕಂಬಳಿಯನ್ನು ಸರಿಮಾಡಿದಳು. "ಅವರು ಎಲ್ಲಿದ್ರೋ?"

"ನನ್ನ ಹತ್ರಾನೇ ಇದ್ರು. ತೇಲುಬಳೆ ನಂಗೆ ಹಾಕಿದ್ದು ಅವರೇ. ಆಮೇಲೆ ಅಲೆ ಬಂತು. ಕತ್ತಲೆ. ನಾನು ಕೂಗ್ದೆ ಅತ್ತೆ. ಅವರಿಗೆ ಆ ಹೆಸರು ಆಗಲ್ವಲ್ಲ, ಅದಕ್ಕೇ ಜೇಮ್ಸ್ ಜೇಮ್ಸ್ ಅಂತ ಕೂಗ್ದೆ. ನನ್ನನ್ನ ನಾನೇ ಕೂಗ್ಕೊಂಡ ಹಾಗಾಯ್ತು."

ಡಾಕ್ಟರು ನೋಡಿ, ಆಸ್ಪತ್ರೆಯಲ್ಲಿ ಒಂದು ದಿನ ಇರಲಿ ಎಂದ. ಎಲ್ಸ್ಪೆಟ್ ಒಪ್ಪಲಿಲ್ಲ. "ಇವನ ತಾಯಿ ಇನ್ನೂ ಒಂದು ದಿನ ಹಂಗೆ ಕೂತಿರ್ಬೇಕಾ?" ಎಂದಳು. ಗಂಟು ಬಿಚ್ಚಿ ಗಂಡನ ಉಣ್ಣೆಯ ಅಂಗಿಯನ್ನು ತಾನೇ ಹುಡುಗನ ತಲೆಯ ಮೇಲಿಂದ ಎಳೆದು ತೊಡಿಸಿದಳು. ತೋಳು ಮಣಿಕಟ್ಟಿನ ಎಷ್ಟೋ ಮೇಲೆ ನಿಂತಿತು. ಚಹಾ ಕುಡಿಸಿದಳು. ಕಾರಿನಲ್ಲಿ ಹಿಂದೆ ಅವನ ಪಕ್ಕಕ್ಕೆ ಕೂತಳು. ಊರು ಬರುವವರೆಗೆ ಗಿಬ್ಬಿ ಕನ್ನಡಿಯಲ್ಲಿ ಆಗಾಗ ನೋಡಿದ. ಹುಡುಗ ಅವಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದ; ಅವಳು ಕಿಟಕಿಯಾಚೆ ಕಡಲನ್ನೇ ನೋಡುತ್ತಿದ್ದಳು, ಹೊಲದಲ್ಲಿ ಏನೋ ಕಳೆದುಕೊಂಡವರು ನೋಡುವಂತೆ.

ದಿಬ್ಬದ ತಲೆಯಲ್ಲಿ, "ಇಲ್ಲೇ ನಿಲ್ಸು," ಎಂದಳು.

"ಕೆಳಗೆ ತನಕ ಬಿಡ್ತೀನಿ ಅಕ್ಕ. ನಾನೇ ಬೆತಿಯಾಗೆ ಹೇಳ್ಬೇಕು. ನಾನೇ ತಪ್ಪು ಹೇಳಿದ್ದು."

"ನೀನು ಹೇಳಿದ್ರೆ ಅವಳು ನಂಬಲ್ಲ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಹುಡುಗನನ್ನು ಎಬ್ಬಿಸಿ, ಅವನ ಕೈ ಹಿಡಿದು ದಿಬ್ಬ ಇಳಿದಳು.

ಆರಾಧನೆ ಮುಗಿಸಿ ಬಂದವರು ಬೀದಿಯಲ್ಲಿ ನಿಂತಿದ್ದರು. ದೂರದಿಂದ ಆ ನೀಲಿ ಅಂಗಿಯನ್ನು ಗುರುತಿಸಿ ಒಬ್ಬಿಬ್ಬರು ಹೆಂಗಸರು ಕೈಯೆತ್ತಿ ಮುಂದೆ ಬಂದರು. ಬಂದವರು ಅಲ್ಲಲ್ಲೇ ನಿಂತುಬಿಟ್ಟರು. ಎಲ್ಸ್ಪೆಟ್ ಯಾರ ಜೊತೆಗೂ ಮಾತಾಡದೆ ನೇರವಾಗಿ ಬೆತಿಯಾಳ ಬಾಗಿಲಿಗೆ ಹೋಗಿ ತಟ್ಟಿದಳು. ಬಾಯನ್ನು ಬಾಗಿಲಿಗೆ ಹತ್ತಿಸಿ ಏನೋ ಹೇಳಿದಳು. ಗಿಬ್ಬಿಗೆ ಕೇಳಿಸಲಿಲ್ಲ. ಬಾಗಿಲು ತೆರೆಯಿತು. ಹುಡುಗ ತಲೆ ಬಗ್ಗಿಸಿ ಒಳಹೋದ. ಒಳಗಿನಿಂದ ಬಂದ ಕೂಗು ದಿಬ್ಬದ ತನಕ ಬಂತು. ಅದು ಸಂತೋಷದ್ದೆಂದು ಹೇಳುವಂತಿರಲಿಲ್ಲ.

ಎಲ್ಸ್ಪೆಟ್ ಬೀದಿಯನ್ನು ದಾಟಿ ತನ್ನ ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಮನೆಯ ಪರದೆಗಳು ಒಂದೊಂದಾಗಿ ಇಳಿದವು.

ಗಿಬ್ಬಿ ಕಾರಿನಿಂದಿಳಿದು ಹೆಜ್ಜೆ ಹಾಕಿದ. ಗೋಡೆಯ ಬಳಿ ಮುದುಕ ಪೀಟರ್ ಕೈ ಅಡ್ಡ ಮಾಡಿದ.

"ಈಗ ಬೇಡ."

"ಅವಳು ನನ್ನ ಅಕ್ಕ, ಚಿಕ್ಕಪ್ಪ."

"ಹೌದಪ್ಪ. ಅದಕ್ಕೇ ಬೇಡ ಅಂತಿರೋದು. ನಿನ್ನ ದನಿ ಕೇಳಿದ್ರೆ ಅವಳಿಗೆ ಆ ನಗು ಕೇಳುತ್ತೆ. ಇವತ್ತು ಬೇಡ."

"ನಾಳೆ?"

ಮುದುಕ ಅಡ್ಡ ಮಾಡಿದ ಕೈಯನ್ನು ಇಳಿಸಲಿಲ್ಲ.

ಸಂಜೆಯ ಹೊತ್ತಿಗೆ ಊರವರೆಲ್ಲ ಬಂದರಿನ ಗೋಡೆಯ ಬಳಿ ಸೇರಿದರು. ದೇಹ ಸಿಗದವರಿಗಾಗಿ ಕಡಲಿಗೆ ಎದುರಾಗಿ ನಿಂತು ಕೀರ್ತನೆ ಹಾಡುವುದು ಅಲ್ಲಿನ ಪದ್ಧತಿ. ಪಾದ್ರಿಗಳು ಮುಳುಗಿದವರ ಹೆಸರುಗಳನ್ನು ಹೇಳಿದರು. ಗಾಳಿ ಆಚೆ ಬೀಸುತ್ತಿದ್ದುದರಿಂದ ಗಿಬ್ಬಿಗೆ ಕೇಳಿಸಲಿಲ್ಲ; ಭಾವನನ್ನು ಯಾವ ಹೆಸರಿನಿಂದ ಕರೆದರೋ ತಿಳಿಯಲಿಲ್ಲ. ಮೊದಲ ಸ್ವರ ಹಿಡಿಯಬೇಕಾದವನು ಇರಲಿಲ್ಲ. ಜನ ತಡವರಿಸಿದರು. ಆಮೇಲೆ ಯಾರೋ ಹೆಂಗಸು ಶುರುಮಾಡಿದಳು, ಸ್ವರ ಸ್ವಲ್ಪ ಮೇಲಾಯಿತು, ಉಳಿದವರು ಕಷ್ಟಪಟ್ಟು ಅವಳನ್ನು ಸೇರಿಕೊಂಡರು.

ಗಿಬ್ಬಿ ದಿಬ್ಬದ ಮೇಲೆಯೇ ಟೋಪಿ ತೆಗೆದು ನಿಂತಿದ್ದ. ಆ ಕೀರ್ತನೆಯ ಒಂದು ಮಾತೂ ಅವನು ಮರೆತಿರಲಿಲ್ಲ. ಯಾರನ್ನೂ ಅನುಕರಿಸದೆ, ತನ್ನದೇ ಧ್ವನಿಯಲ್ಲಿ, ಎದೆಯಾಳದಿಂದ ಅವನು ಹಾಡತೊಡಗಿದ. ಎಷ್ಟೋ ವರ್ಷಗಳಿಂದ ದೇವರ ಮುಂದೆ ಹಾಗೆ ಬಾಯಿ ತೆರೆದಿರಲಿಲ್ಲ. ಕಣ್ಣೀರು ಕುತ್ತಿಗೆಯ ತನಕ ಇಳಿಯಿತು.

ಮೇಲಿನ ತೋಟದ ಮನೆಗಳ ಒಬ್ಬ ಹೆಂಗಸು ತನ್ನ ಪುಟ್ಟ ಮಗಳ ಕೈ ಹಿಡಿದು ಅಲ್ಲೇ ಹತ್ತಿರ ನಿಂತಿದ್ದಳು. ಮಗು ಆ ಧ್ವನಿಗೆ ತಿರುಗಿ ನೋಡಿತು. ನೋಡಿ ಅವನ ಗುರುತು ಹಿಡಿಯಿತು. ಅದರ ಮುಖ ಅರಳಿತು. ಅಮ್ಮನ ಕೋಟಿನ ಅಂಚು ಜಗ್ಗಿ, ಈಗೇನೋ ತಮಾಷೆ ಬರುತ್ತದೆಂದು ಕಾದು, ತಡೆಯಲಾರದೆ ಕಿಲಕಿಲ ನಕ್ಕುಬಿಟ್ಟಿತು.

ತಾಯಿ ಅದರ ಬಾಯಿಗೆ ಕೈ ಒತ್ತಿ ದೂರ ಎಳೆದುಕೊಂಡು ಹೋದಳು.

ಗಿಬ್ಬಿ ಹಾಡುವುದನ್ನು ನಿಲ್ಲಿಸಿದ. ಕೆಳಗೆ ಅವರು ಎರಡನೆಯ ಚರಣಕ್ಕೆ ಬಂದಿದ್ದರು.